ಜೀಪಿನ ಬುಷ್ಷಿಗೆ ಹವಾಯಿ ಚಪ್ಪಲಿ

ಸೋಲೂರಿನ ಆಚೆ, ಹಳ್ಳ ದಾಟಿದ ಮೇಲೆ ನಮ್ಮ ತೆಂಗಿನ ತೋಟ. ಅಲ್ಲಿಗೆ ಇರುವುದು ರಸ್ತೆಯಲ್ಲ, ಗಾಡಿಜಾಡು. ಯಜಮಾನರು ಆ ಜಾಡಿನಲ್ಲೇ ನನಗೆ ಪುಟ್ಟ ಜೀಪು ಓಡಿಸಲು ಕಲಿಸಿದ್ದರು. ಅವರು ಹೋದ ಮೇಲೆ ನನಗೆ ಉಳಿದ ಫ್ರೀಡಮ್ ಅಂದರೆ ಅದೊಂದೇ. ಬೆಳಿಗ್ಗೆ ಹೊರಟು, ತೋಟದಲ್ಲಿ ಒಬ್ಬಳೇ ಕೂತು ಎಳನೀರು ಕುಡಿದು ಬರುತ್ತಿದ್ದೆ.

ಆದರೆ ಬುಷ್ಷುಗಳು ಸತ್ತಿದ್ದವು. ಬುಷ್ ಎಂದರೆ ಚಕ್ರದ ಮೇಲಿನ ಸ್ಪ್ರಿಂಗ್ ಪ್ಲೇಟಿಗೂ ಅದನ್ನು ಹಿಡಿದ ಬೋಲ್ಟಿಗೂ ನಡುವೆ ಕೂರುವ ರಬ್ಬರ್ ಬಳೆ. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದು, ಪೆಟ್ಟು ನೇರ ಸೊಂಟಕ್ಕೆ ಬರುತ್ತದೆ. ನನ್ನ ಸೊಂಟ ಅಡ್ಜಸ್ಟ್ ಆಗಿತ್ತು. ಅತ್ತಿಗೆಯದು ಆಗಲಿಲ್ಲ. ಅವರು ಯಜಮಾನರ ಅಕ್ಕ, ಮನೆಯಲ್ಲಿ ಅವರ ಮಾತೇ ಕೊನೆ. ಶುಕ್ರವಾರ ಸಂಜೆ ಬಂದು ಜೀಪು ಒಯ್ಯುವಂತೆ ಗುಜರಿಯವನಿಗೆ ಹೇಳಿಯೇಬಿಟ್ಟಿದ್ದರು. ಅದೇ ಶುಕ್ರವಾರ ಬೆಳಿಗ್ಗೆ ತೋಟದ ಅಮ್ಮನ ಗುಡಿಗೆ ನನ್ನ ಜೊತೆ ಜೀಪಿನಲ್ಲಿ ಒಮ್ಮೆ ಬನ್ನಿ, ಸೊಂಟ ನೊಂದರೆ ಕೊಟ್ಟುಬಿಡಿ ಎಂದು ಬೇಡಿಕೊಂಡೆ. ಒಪ್ಪಿದರು.

ಬಿಡದಿ ಕಡೆ ಕಾರಿನ ಫ್ಯಾಕ್ಟರಿಗಳು ಬಂದ ಮೇಲೆ ರಾಮನಗರದ ಅಂಗಡಿಗಳಲ್ಲಿ ಹೊಸ ಕಾರುಗಳ ಸಾಮಾನೇ ತುಂಬಿತ್ತು. ನಮ್ಮ ಜೀಪಿನ ಬುಷ್ ಕೇಳಿದರೆ, ತೀರಿಕೊಂಡವರನ್ನು ವಿಚಾರಿಸಿದೆನೇನೋ ಎಂಬಂತೆ ಅಂಗಡಿಯವನು ಮುಖ ಸಪ್ಪಗೆ ಮಾಡಿದ.

ಸರಿ, ಅಟ್ಟದಿಂದ ಹಳೆಯ ಹವಾಯಿ ಚಪ್ಪಲಿಗಳನ್ನೆಲ್ಲ ಇಳಿಸಿದೆ. ಪೈಪಿನ ತುಂಡೊಂದರ ಬಾಯಿ ಹರಿತ ಮಾಡಿಸಿ, ಸುತ್ತಿಗೆಯಿಂದ ಹೊಡೆದು ನಿಪ್ಪಟ್ಟಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದೆ. ನಡುವೆ ತೂತು ಮಾಡಿ, ಒಂದರ ಮೇಲೊಂದು ಅಂಟಿಸಿದೆ. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ಸ್ಕೇಲಿನಿಂದ ಹೊಡೆದು ಕಲಿಸಿದ ನೀಟ್‌ನೆಸ್ ಕೊನೆಗೂ ಉಪಯೋಗಕ್ಕೆ ಬಂತು. ಮೆಕ್ಯಾನಿಕ್ ಸೋಪಿನ ನೀರು ಸವರಿ ಅವನ್ನು ಒಳಗೆ ತುರುಕಿದ. “ಅಮ್ಮಾ, ಇನ್ಮ್ಯಾಕೆ ಇದು ಓಡಾಕಿಲ್ಲ, ನಡೀತದೆ” ಅಂದ.

ಶುಕ್ರವಾರ ಅತ್ತಿಗೆ ಮಡಿಯುಟ್ಟು, ತಂಬಿಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಳ್ಳ ದಾಟುವಾಗ ಪಕ್ಕಕ್ಕೆ ನೋಡಿದರೆ ತೂಕಡಿಸುತ್ತಿದ್ದರು. ಜೀಪು ಉಳಿಯಿತು ಅಂದುಕೊಂಡೆ.

ಗುಡಿಯ ಮುಂದೆ ಇಳಿಯುವಾಗ ಪೂಜೆಯ ನಿಂಬೆಹಣ್ಣು ಉರುಳಿ ಜೀಪಿನಡಿ ಹೋಯಿತು. ಅತ್ತಿಗೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಒಂದು ಬುಷ್ ಸರಿದು ಹೊರಗೆ ಇಣುಕುತ್ತಿತ್ತು, ಚಪ್ಪಲಿಯ ಬಿಳಿ ನೀಲಿ, ಬಿಳಿ ನೀಲಿ.

“ಮೆಟ್ಟಿನ ಮ್ಯಾಲೆ ಕೂರ್ಸಿ ಅಮ್ಮನ ತಂಬಿಟ್ಟು ತಂದ್ಯೇನಮ್ಮಿ?”

ನನ್ನ ಬಾಯಲ್ಲಿ ಸ್ಕೂಲು ಹುಡುಗಿಯ ಹಾಗೆ “ಸಾರಿ” ಬಂತು. ಅತ್ತಿಗೆ ಎದ್ದು ನಿಂತು ಗುಡಿ ನೋಡಿದರು, ತಟ್ಟೆ ನೋಡಿದರು. ಸೊಂಟಕ್ಕೆ ಕೈಯಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿದರು. ನೋವು ಹುಡುಕುತ್ತಿದ್ದರು, ಪಾಪ, ಸಿಗಲಿಲ್ಲ.

“ಗುಡಿ ತಾವ ಮೆಟ್ಟು ಆಚೆ ಬುಡಬೇಕು ಕಣಮ್ಮಿ. ಇದ್ನ ಆ ಬೇವಿನ ಮರದ ತಾವ ಬುಟ್ಟು ಬಾ.”

ರಿವರ್ಸ್ ತೆಗೆದುಕೊಂಡು ಹೋಗಿ ಬಿಟ್ಟುಬಂದೆ. ತಂಬಿಟ್ಟಿಗೆ ಅರಿಶಿನದ ನೀರು ಚಿಮುಕಿಸಿದ ಮೇಲೆ ಪೂಜೆಯಾಯಿತು.

ಸಂಜೆ ಗುಜರಿಯವನು ಬಂದು ಜಗಲಿಯ ಮೇಲೆ ಕಾದಿದ್ದ. ಅತ್ತಿಗೆ ಅವನಿಗೆ ಕಾಫಿ ಕೊಡಿಸಿ, ಈಗ ಕೊಡಲು ಆಗುವುದಿಲ್ಲ ಅಂದರು.

“ಈಗಿನ್ನೂ ಮೆಟ್ಟು ಹಾಕ್ಸಿದ್ದೀವಿ. ಒಸಿ ಸವೀಲಿ, ಆಮ್ಯಾಕೆ ನೋಡಾನ.”

ಅವನು ಅತ್ತಿಗೆಯ ಕಾಲು ನೋಡಿದ, ಆಮೇಲೆ ನನ್ನ ಕಾಲು ನೋಡಿದ, ಕಾಫಿ ಕುಡಿದು ಎದ್ದುಹೋದ.