ಕಿಣ್ಣಿ ಸುಲ್ತಾನದಲ್ಲಿ ಬೆಳಗಿನವರೆಗೆ ಓಡಿದ ಸಿನಿಮಾ

ಇದು ಕಟ್ಟುಕಥೆಯಲ್ಲ. ನಂಬಿಸಲು ನನ್ನ ಬಳಿ ಸಾಕ್ಷಿಯೂ ಇಲ್ಲ, ಆಸೆಯೂ ಇಲ್ಲ. ನಾನು ಹಳ್ಳಿ ಹಳ್ಳಿ ತಿರುಗಿ ಸಾಕ್ಷ್ಯಚಿತ್ರ ತೋರಿಸುವವನು. ಹಾಡಿಲ್ಲದ, ಹೊಡೆದಾಟವಿಲ್ಲದ ಸಿನಿಮಾ ನೋಡಲು ಜನ ಬಂದಿದ್ದರು ಎಂದರೇ ಯಾರೂ ನಂಬುವುದಿಲ್ಲ, ಇನ್ನು ಇದನ್ನು ನಂಬುತ್ತಾರೆಯೇ? ಆದರೂ ಹೇಳಿಬಿಡುತ್ತೇನೆ. ಒಬ್ಬನೇ ಹೊತ್ತುಕೊಂಡು ತಿರುಗಿ ಸಾಕಾಗಿದೆ.

ನನ್ನದೊಂದು ಹಳೆಯ ವ್ಯಾನು. ಅದರಲ್ಲಿ ಪ್ರೊಜೆಕ್ಟರು, ಲ್ಯಾಪ್‌ಟಾಪು, ಸ್ಪೀಕರುಗಳು, ಕರೆಂಟು ಕೈಕೊಟ್ಟರೆ ಇರಲಿ ಎಂದು ಬ್ಯಾಟರಿ. ಆಳಂದ, ಅಫಜಲಪುರ, ಜೇವರ್ಗಿ... ಎಲ್ಲಿಂದ ಕರೆ ಬಂದರೂ ಹೋಗಿ, ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸುತ್ತೇನೆ. ಮುಗಿದ ಮೇಲೆ ಜನರ ಜೊತೆ ಒಂದಿಷ್ಟು ಮಾತು. ಸಂಸಾರ ಅಂತ ನನಗಿಲ್ಲ. ಕಲಬುರಗಿಯ ಕೋಣೆಗಿಂತ ವ್ಯಾನಿನಲ್ಲಿ ಮಲಗಿದ್ದೇ ಹೆಚ್ಚು.

ತೋರಿಸುವ ಚಿತ್ರಗಳಲ್ಲಿ ಒಂದು ನಾನೇ ಮಾಡಿದ್ದು, ಮಣ್ಣೂರಿನ ಶಿವರಾಯಣ್ಣನ ಮೇಲೆ. ಬೇಸಿಗೆಯಲ್ಲಿ ಭೀಮಾ ಹೊಳೆ ಇಳಿದಾಗ ಉಸುಕಿನಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ಮನುಷ್ಯ. ನರಿಗಳ ಕಾಟಕ್ಕೆ ಹೊಳೆಯಲ್ಲೇ ಜೋಪಡಿ ಹಾಕಿಕೊಂಡು ರಾತ್ರಿಯೆಲ್ಲ ಕಾಯುತ್ತಿದ್ದ. ಮಾತಿಗೆ ಕುಳಿತರೆ ನಿಲ್ಲಿಸುವವನಲ್ಲ. ಚಿತ್ರದ ತುಂಬ ಅವನ ದನಿಯೇ ಇದೆ.

ಚಿತ್ರ ಮುಗಿದ ಮರುವರ್ಷವೇ ಶಿವರಾಯಣ್ಣ ತೀರಿಕೊಂಡ. ಮಕ್ಕಳಿರಲಿಲ್ಲ. ಹೆಂಡತಿ ನಾಗಮ್ಮ ಒಬ್ಬರೇ ಉಳಿದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಕ್ಯಾಮೆರಾ ಕಂಡರೆ ಒಳಗೆ ಓಡಿಬಿಡುತ್ತಿದ್ದ ವೈನಿ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಅವನು ಹೋದ ಕೆಲವು ತಿಂಗಳಿಗೆ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ ಆ ಚಿತ್ರ ತೋರಿಸಿದೆ. ಮರುದಿನ ಬೆಳಿಗ್ಗೆ ವೈನಿಯ ಫೋನು. ನಿನ್ನೆ ಎಲ್ಲಾದರೂ ಅವರ ಸಿನಿಮಾ ತೋರಿಸಿದಿರೇನು ಎಂದು ಕೇಳಿದರು. ಹೌದೆಂದೆ.

"ಅವರು ರಾತ್ರಿ ಮನಿಗಿ ಬಂದಿದ್ರಣ್ಣಾ," ಎಂದರು.

ದುಃಖದಲ್ಲಿರುವವರ ಮಾತು, ಹೂಂ ಎಂದು ಬಿಟ್ಟೆ. ಆದರೆ ಮುಂದಿನ ಸಲ ಆಳಂದದ ಹತ್ತಿರ ತೋರಿಸಿದಾಗಲೂ ಫೋನು ಬಂತು. ಅದರ ಮುಂದಿನ ಸಲವೂ. ನಾನು ಯಾವ ಊರಿಗೆ ಹೋಗುತ್ತೇನೆಂದು ಮಣ್ಣೂರಿನಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹೊರಗೆ ಪಡಸಾಲೆಯ ಹಗ್ಗದ ಮಂಚ ಕಿರ್ ಎನ್ನುತ್ತದಂತೆ. ಹಸಿ ಉಸುಕಿನ ವಾಸನೆ ಬರುತ್ತದಂತೆ. ಇಟ್ಟ ತಂಬಿಗೆಯ ನೀರು ಬೆಳಿಗ್ಗೆ ಇರುವುದಿಲ್ಲವಂತೆ.

ನನ್ನದು ಸ್ವಲ್ಪ ಪರೀಕ್ಷಿಸಿ ನೋಡುವ ಬುದ್ಧಿ. ಒಮ್ಮೆ ಶೋ ರದ್ದಾಗಿತ್ತು. ನಾನೇ ಫೋನು ಮಾಡಿ, ನಿನ್ನೆ ತೋರಿಸಿದೆ ವೈನಿ, ಬಂದಿದ್ದನೇನು ಎಂದು ಕೇಳಿದೆ. ಇಲ್ಲ, ಬಾಗಿಲು ತೆಗೆದಿಟ್ಟುಕೊಂಡೇ ಕುಳಿತಿದ್ದೆ, ಬರಲಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ನಾನು ಪರೀಕ್ಷಿಸಲು ಹೋಗಲಿಲ್ಲ.

ಹೆದರಿಕೆ ಆಗುವುದಿಲ್ಲವೇ ಎಂದು ಒಂದು ದಿನ ಕೇಳಿದ್ದೆ.

"ಯಾತರ ಹೆದರಿಕಿ ಅಣ್ಣಾ? ಬದುಕಿದ್ದಾಗ ರಾತ್ರಿಯೆಲ್ಲಾ ಹೊಳ್ಯಾಗೇ ಇರ್ತಿದ್ರು. ಈಗರ ಮನಿಗಿ ಬರಾಕತ್ತಾರ."

ಅದನ್ನು ಕೇಳಿದ ಮೇಲೆ ಆ ಚಿತ್ರವನ್ನು ಪೆಟ್ಟಿಗೆಯಲ್ಲಿಡಲು ಮನಸ್ಸಾಗಲಿಲ್ಲ. ಯಾರು ಯಾವ ಚಿತ್ರ ಕೇಳಿದರೂ ಜೊತೆಗೆ ಅದನ್ನೂ ಹಾಕುತ್ತಿದ್ದೆ.

ಆ ದಿನ ಆಳಂದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಶೋ ಇತ್ತು. ಮಧ್ಯಾಹ್ನ ವೈನಿಯ ಫೋನು. ಹಲವು ದಿನಗಳಿಂದ ಜ್ವರ ಬಿಟ್ಟಿಲ್ಲ, ಎದ್ದು ಕೂರಲೂ ಆಗುತ್ತಿಲ್ಲ. ಅಫಜಲಪುರದಲ್ಲಿರುವ ಅವರ ಒಡಹುಟ್ಟಿದ ಅಣ್ಣ ದವಾಖಾನೆಗೆ ಕರೆದೊಯ್ಯಲು ನಾಳೆ ಗಾಡಿ ತರುತ್ತಾನೆ. ಇವತ್ತೇ ಹೋಗಿ ಎಂದು ನಾನು ಗದರಿದೆ. ಅವರು ಕೇಳಲಿಲ್ಲ.

"ನಾಳಿಗಿ ಖರೇ ಹೋಗ್ತೇನಿ. ಇವತ್ತೊಂದು ರಾತ್ರಿ ತೋರಿಸ್ರಿ ಅಣ್ಣಾ. ಒಬ್ಬಾಕಿನೇ ಇರಾಕ ಆಗವಲ್ದು."

ಕಿಣ್ಣಿ ಸುಲ್ತಾನ ತಲುಪಿದರೆ ಊರೇ ಖಾಲಿ. ಪಕ್ಕದ ಊರಿನಲ್ಲಿ ದೊಡ್ಡವರ ಮನೆಯ ಮದುವೆ. ಕರೆದಿದ್ದ ಮಾಸ್ತರರು ಶಾಲೆಯ ಗೇಟು ತೆಗೆದುಕೊಟ್ಟು, ಬೇಜಾರು ಮಾಡಿಕೊಳ್ಳಬೇಡಿ ಎಂದು ಕೈಮುಗಿದು ತಾವೂ ಊಟಕ್ಕೆ ನಡೆದರು. ಬಟ್ಟೆ ಕಟ್ಟಿ ಕಾದೆ. ಒಂದು ನಾಯಿ ಬಂದು ಮೂಸಿ ಹೋಯಿತು. ಬೇರೆ ದಿನವಾಗಿದ್ದರೆ ಗಂಟು ಕಟ್ಟಿಕೊಂಡು ಹೊರಡುತ್ತಿದ್ದೆ. ವೈನಿಯ ಮಾತು ಬಿಡಲಿಲ್ಲ.

ಖಾಲಿ ಅಂಗಳಕ್ಕೆ ಚಿತ್ರ ಹಾಕಿದೆ.

ಬೆಳಕಿನ ಕೋಲಿನಲ್ಲಿ ಹುಳಗಳು... ಪ್ರೊಜೆಕ್ಟರಿನ ಫ್ಯಾನಿನ ಗುಂಯ್ ಸದ್ದು... ಹೊಳೆ, ಉಸುಕು, ಜೋಪಡಿ. ಶಿವರಾಯಣ್ಣ ಬೀಡಿ ಹಚ್ಚಿ ಮಾತು ಶುರು ಮಾಡಿದ.

ಬಾಯಿ ಆಡುತ್ತಿತ್ತು. ದನಿ ಇಲ್ಲ.

ಸ್ಪೀಕರಿನ ವಯರು ಸಡಿಲಾಗಿರಬೇಕೆಂದು ಎದ್ದೆ. ವಯರು ಸರಿಯಾಗಿತ್ತು. ನೀರಿನ ಸದ್ದು ಕೇಳುತ್ತಿತ್ತು. ಗಾಳಿ ಕೇಳುತ್ತಿತ್ತು. ದೂರದಲ್ಲಿ ನರಿ ಕೂಗಿದ್ದೂ ಕೇಳಿತು. ಅವನ ದನಿಯೊಂದೇ ಇರಲಿಲ್ಲ. ಅದನ್ನೊಂದನ್ನೇ ತೆಗೆಯಲು ಬರುವುದೇ ಇಲ್ಲ. ಎಲ್ಲವೂ ಒಂದೇ ಮೈಕಿನಲ್ಲಿ ಕೂಡಿ ಬಂದ ಶಬ್ದ, ಮುದ್ರಿಸಿಕೊಂಡವನು ನಾನೇ.

ಆಗ ಬಂತು ವಾಸನೆ. ಎರೆಮಣ್ಣಿನ ಊರು ಅದು, ಹೊಳೆ ಎಷ್ಟೋ ದೂರ. ಹಸಿ ಉಸುಕಿನ ವಾಸನೆ ನನ್ನ ಪಕ್ಕದಿಂದ ಎದ್ದು, ಗೇಟಿನ ಕಡೆಗೆ ಸರಿದು, ಇಲ್ಲವಾಯಿತು.

ವೈನಿಗೆ ಫೋನು ಹಚ್ಚಿದೆ. ಬಹಳ ಹೊತ್ತು ರಿಂಗಾಗಿ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ಹಿಂದಿನಿಂದ ಒಂದು ದನಿ ಕೇಳಿಸಿತು.

"ಯಾರ್ ಜೋಡಿ ಮಾತಾಡಾಕತ್ತಿ?"

ಆ ದನಿಯನ್ನು ನಾನು ತಿಂಗಳುಗಟ್ಟಲೆ ಕೂತು ಕತ್ತರಿಸಿ ಜೋಡಿಸಿದವನು. ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲಿ ಗಂಟಲು ಕಟ್ಟುತ್ತದೆ, ಎಲ್ಲ ಗೊತ್ತು. ಆ ಮಾತು ನನ್ನ ಚಿತ್ರದಲ್ಲಿಲ್ಲ. ನಾನು ಮುದ್ರಿಸಿಕೊಂಡ ಯಾವುದರಲ್ಲಿಯೂ ಇಲ್ಲ.

ಸಿನಿಮಾದ ಅಣ್ಣನ ಜೊತೆ ಎಂದು ವೈನಿ ಅವನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ಫೋನಿಗೆ ಬಾಯಿ ಹಚ್ಚಿ, ಪಿಸುಮಾತಿನಲ್ಲಿ, ನನಗೆ:

"ಬಂದ್ ಮಾಡಬ್ಯಾಡ್ರಿ ಅಣ್ಣಾ. ಮುಗದ್ ಕೂಡ್ಲೇ ಎದ್ದು ಹೋಗ್ತಾರ."

ಮಾಡಲಿಲ್ಲ. ಚಿತ್ರ ಮುಗಿಯುತ್ತ ಬಂದಾಗ ಮತ್ತೆ ಮೊದಲಿನಿಂದ ಹಾಕಿದೆ. ಮತ್ತೆ ಹಾಕಿದೆ. ನಡುವೆ ಕರೆಂಟು ಹೋಗಿ ಬ್ಯಾಟರಿಯ ಮೇಲೆ ಓಡಿತು. ಅದು ಇಳಿಯುವುದನ್ನು ನೋಡುತ್ತ, ಪ್ರೊಜೆಕ್ಟರಿಗಷ್ಟೇ ಸಾಲಲಿ ಎಂದು ಸ್ಪೀಕರು ಆರಿಸಿದೆ. ಓಡಿ ಹೋಗಬೇಕೆಂದು ಎಷ್ಟೋ ಸಲ ಅನ್ನಿಸಿತು. ಸುತ್ತ ಕತ್ತಲು, ಮುಂದೆ ದನಿಯಿಲ್ಲದೆ ಬಾಯಿ ಆಡಿಸುವ ಸತ್ತವನು, ನಾನು. ಆದರೂ ಒಂದು ಮಾತು ಹೇಳಲೇಬೇಕು. ಅಷ್ಟು ಹೆದರಿದ್ದಾಗಲೂ ಹೊಟ್ಟೆಕಿಚ್ಚಾಯಿತು. ಮಣ್ಣೂರಿನಲ್ಲಿ ಅವರಿಬ್ಬರು ಕೂತು ಮಾತಾಡುತ್ತಿದ್ದರು. ನನಗೆ ಮಾತಾಡಲು ಯಾರೂ ಇರಲಿಲ್ಲ.

ಕರೆಂಟು ಬಂದಾಗ ಮೂಡಣ ಬೆಳ್ಳಗಾಗುತ್ತಿತ್ತು. ಸ್ಪೀಕರು ಮತ್ತೆ ಹಚ್ಚಿದೆ. ಅದೇ ನೀರು, ಅದೇ ಗಾಳಿ. ಸ್ವಲ್ಪ ಹೊತ್ತು ಹಾಗೇ ಇತ್ತು... ಒಮ್ಮೆಲೇ, ಒಂದು ವಾಕ್ಯದ ನಡುವಿನಿಂದ, ಶಿವರಾಯಣ್ಣನ ದನಿ ಅಂಗಳ ತುಂಬಿತು.

ವೈನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ಟಿದ ಬಿಳಿ ಬಟ್ಟೆಯನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಇದ್ದ ಹಾಗೆ ವ್ಯಾನಿಗೆ ತುಂಬಿ ಮಣ್ಣೂರಿಗೆ ಹೊಡೆದೆ.

ಮನೆಯ ಮುಂದೆ ಜನ ಸೇರಿದ್ದರು. ಅಫಜಲಪುರದ ಗಾಡಿ ಸುಮ್ಮನೆ ನಿಂತಿತ್ತು. ವೈನಿ ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಒಳಗೆ ಮಲಗಿಸಿದ್ದರು, ಮುಖ ಶಾಂತವಾಗಿತ್ತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಕಣ್ಣೊರೆಸಿಕೊಳ್ಳುತ್ತ ನನಗೆ ಹೇಳಿದಳು:

"ರಾತ್ರಿಯೆಲ್ಲಾ ಮಾತು ಕೇಳಸಾಕತ್ತಿತ್ರಿ. ಆಕಿ ಅಣ್ಣ ಬಂದಾನಂತ ತಿಳದು ನಾವ್ ಸುಮ್ನಾದಿವ್ರಿ."

ವೈನಿಯ ಅಣ್ಣ ಬಂದದ್ದು ಹೊತ್ತು ಹುಟ್ಟಿದ ಮೇಲೆ.

ಬಹಳ ದಿನ ಆ ಚಿತ್ರ ಮುಟ್ಟಲಿಲ್ಲ. ಆಮೇಲೆ ಜೇವರ್ಗಿ ತಾಲ್ಲೂಕಿನ ಒಂದು ಊರಿನವರು ಅದೇ ಬೇಕೆಂದು ಕೇಳಿದರು. ತೋರಿಸಿದೆ. ದನಿ ಸರಿಯಾಗಿತ್ತು, ಎಲ್ಲ ಸರಿಯಾಗಿತ್ತು. ಮುಗಿದ ಮೇಲೆ ಮಾತಿಗೆ ಕುಳಿತಾಗ ಒಬ್ಬ ಮುದುಕಿ ಕೇಳಿದಳು.

"ಅಂವ ಮಾತಾಡೂವಾಗ ನಡುನಡುವ ಒಬ್ಬಾಕಿ ಹೂಂ, ಹೂಂ ಅಂತಾಳಲ್ರಿ... ಆಕಿ ಮಾರಿ ಯಾಕ ತೋರಿಸಿಲ್ಲಪಾ?"

ಅಂಥ ಯಾರೂ ಚಿತ್ರದಲ್ಲಿಲ್ಲ ಎಂದೆ. ಕುಳಿತವರೆಲ್ಲ ನನ್ನನ್ನೇ ನೋಡಿದರು. ನಮಗೂ ಕೇಳಿಸಿತಲ್ಲ ಎಂದು ಹಿಂದಿನಿಂದ ಇನ್ನೊಬ್ಬರು ಹೇಳಿದರು. ಆಳಂದದಲ್ಲಿ ತೋರಿಸಿದಾಗಲೂ ಅದೇ ಪ್ರಶ್ನೆ ಬಂತು.

ಶೂಟಿಂಗಿನ ರಾತ್ರಿಗಳಲ್ಲಿ ಜೋಪಡಿಯೊಳಗೆ ಇದ್ದದ್ದು ಅವನು, ನಾನು ಇಬ್ಬರೇ. ನನ್ನ ದನಿ ಬೀಳಬಾರದೆಂದು ನಾನು ತುಟಿ ಬಿಚ್ಚುತ್ತಿರಲಿಲ್ಲ.

ಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನು ಹಾಕಿ, ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶಿವರಾಯಣ್ಣ ಒಂದು ಮಾತು ಹೇಳಿ ಸ್ವಲ್ಪ ತಡೆಯುತ್ತಾನೆ. ಮತ್ತೆ ಮುಂದುವರಿಸುತ್ತಾನೆ. ಆ ಬಿಡುವಿನಲ್ಲಿ ಊರಿನವರಿಗೆಲ್ಲ ಕೇಳುವ ದನಿ ನನ್ನೊಬ್ಬನಿಗೆ ಇವತ್ತಿಗೂ ಕೇಳಿಸಿಲ್ಲ.