ಹಗೇವಿಗೆ ಸುರಿದ ನೀರು

ನೀರೇ ಜೀವದ ಆಧಾರ ಎಂಬುದರಲ್ಲಿ ಯಾವ ಶಾಸ್ತ್ರಕ್ಕೂ ಭಿನ್ನಾಭಿಪ್ರಾಯವಿಲ್ಲ. ಬಚ್ಚಲ ತೂತು ದಾಟಿದ ಮೇಲೆ ಅದು ಯಾರ ಜೀವಕ್ಕೆ ಆಧಾರ ಎಂಬ ಬಗ್ಗೆ ಮಾತ್ರ ಶಾಸ್ತ್ರಗಳು ಮೌನವಾಗಿವೆ. ನಾವು ಶಾಸ್ತ್ರ ಮೀರಿ ಯೋಚಿಸುವ ಜನವಲ್ಲ.

ಮೊನ್ನೆ ಸದಾಶಿವನಗರದ ನಮ್ಮ ಮನೆಗೆ ಬಚ್ಚಲು ತಿಕ್ಕಲು ಬಂದವನು ಅರ್ಧ ಬಾಟಲಿ ಆಸಿಡ್ ಸುರಿದ. ನನ್ನ ಮೂಗು ಉರಿಯಿತು. “ಇಷ್ಟೆಲ್ಲಾ ಎಲ್ಲಿಗೆ ಹೋಗತೈತೋ ಮಾರಾಯಾ?” ಎಂದೆ. “ಹೋಗತೈತ್ರಿ ಎಲ್ಲೆರ” ಎಂದ. ಈ ‘ಎಲ್ಲೆರ’ ಎಂಬ ಊರಿನ ವಿಳಾಸ, ಓದುಗರೇ, ನನಗೆ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದಲ್ಲಿ ಅದು ನಮ್ಮೂರಿನದೇ ಅನಗೋಳದಲ್ಲಿ, ನಮ್ಮ ಕಾಕಾನ ಹಿತ್ತಲಲ್ಲಿತ್ತು.

ಕಾಕಾ ನಮ್ಮಪ್ಪನ ತಮ್ಮ. ಸೈಕಲ್ಲಿನ ಹ್ಯಾಂಡಲ್ಲು, ರಿಮ್ಮು, ತುಕ್ಕು ಹಿಡಿದ ಯಾವುದನ್ನೇ ಕೊಟ್ಟರೂ ನಿಕಲ್, ಕ್ರೋಮ್ ಹಾಕಿ ಮುಖ ಕಾಣುವಂತೆ ಮಾಡಿ ಕೊಡುತ್ತಿದ್ದ. ಮನೆಯ ಪಕ್ಕದ ತಗಡಿನ ಶೆಡ್ಡೇ ಅಂಗಡಿ. ಕೆಲಸ ಮುಗಿದ ಮೇಲೆ ಉಳಿದ ಹಳದಿ ನೀರನ್ನು ಗಟಾರಕ್ಕೆ ಚೆಲ್ಲಿ, ಮಿಂದು, ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುತ್ತಿದ್ದ. ಪೂಜೆಗೆ ಆಗತಾನೇ ಸೇದಿದ ಬಾವಿನೀರೇ ಆಗಬೇಕು. ಶುದ್ಧಿಯ ವಿಷಯದಲ್ಲಿ ಮನುಷ್ಯ ಬಹಳ ಕಟ್ಟುನಿಟ್ಟು.

ಕಾಗದದಲ್ಲಿ ಹೆಸರು ಯಾರದೇ ಇರಲಿ, ಬಾವಿ ಕಾಕಾನ ಹೆಂಡತಿ ಕಾಕುವಿನದು. ಅವಳು ಖಾನಾಪುರದವಳು. ಅಲ್ಲಿ ಅವಳ ತವರಿನ ಹೆಂಗಸರು ಮಲಪ್ರಭೆಯಲ್ಲಿ ಎಂಜಲು ಪಾತ್ರೆ ಅದ್ದುತ್ತಿರಲಿಲ್ಲವಂತೆ. ಕೊಡದಲ್ಲಿ ನೀರು ತಂದು, ದಂಡೆಯ ಮೇಲೆ ಬೂದಿ ಹಚ್ಚಿ ತಿಕ್ಕಿ, ಮುಸುರೆಯನ್ನು ಬಾಳೆಯ ಬುಡಕ್ಕೆ ಹಾಕುತ್ತಿದ್ದರಂತೆ. ಅನಗೋಳದ ಬಾವಿಯದು ಬೇಳೆ ಬೇಗ ಬೇಯಿಸುವ ಸಿಹಿನೀರು. ಅರ್ಧ ಗಲ್ಲಿಯ ಹೆಂಗಸರು ಕಾಕುವಿನ ಅಪ್ಪಣೆ ಕೇಳಿ ಕೊಡ ತುಂಬಿಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಎಷ್ಟೆಂದು ಅತ್ತೆಯನ್ನು ಕೇಳಬೇಕಿದ್ದ ಹೆಂಗಸಿಗೆ ಈ ಲೋಕದಲ್ಲಿದ್ದ ಅಧಿಕಾರ ಅದೊಂದೇ.

ಒಂದು ಬೇಸಿಗೆಯಲ್ಲಿ ಗಟಾರಕ್ಕೆ ಬಾಯಿ ಹಾಕಿದ ಎಮ್ಮೆಯೊಂದು ನೆಲ ಹಿಡಿಯಿತು. ಗಲ್ಲಿಯ ಹಿರಿಯರು ಕಾಕಾನ ಪಡಸಾಲೆಯಲ್ಲಿ ಕೂಡಿದರು. ಘನಗಂಭೀರ ಸಭೆ. ಚಹಾ ಆಯಿತು, ಎಲೆ ಅಡಿಕೆ ಆಯಿತು.

“ಗಟಾರಕ್ಕ ನಿನ್ನ ನೀರ ಬರಬಾರದ ನೋಡಪಾ,” ಎಂದ ಎಮ್ಮೆಯ ಮಾಲಕ.

“ಇನ್ನ ಮ್ಯಾಲ ಒಂದ ಹನಿ ಬಂದರ ನನ್ನ ಹೆಸರ ಬದಲ ಮಾಡ್ರಿ,” ಎಂದ ಕಾಕಾ.

ಹಾಗಾದರೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವಷ್ಟು ಅಸಭ್ಯರು ಸಭೆಯಲ್ಲಿ ಯಾರೂ ಇರಲಿಲ್ಲ.

ಹಿತ್ತಲಲ್ಲಿ ಅಜ್ಜನ ಕಾಲದ ಹಗೇವು ಇತ್ತು. ಜೋಳ ತುಂಬಿಡಲು ನೆಲದೊಳಗೆ ತೋಡಿದ, ಕಿರುಬಾಯಿಯ ಆಳವಾದ ಕುಣಿ. ಜೋಳ ಚೀಲಕ್ಕೆ ಏರಿದ ಮೇಲೆ ಅದು ಖಾಲಿ ಬಿದ್ದಿತ್ತು. ಕಾಕಾ ಬಕೆಟ್ ಹಿಡಿದು ಅತ್ತ ಹೊರಟ.

“ಹಗೇದಾಗ ಸುರುವತೀರೇನ್ರಿ? ಬಾವಿ ಬಾಜೂಕ ಐತಿ!” ಎಂದಳು ಕಾಕು.

“ಏ ಹುಚ್ಚಿ, ಎಂಥಾ ಮಳ್ಯಾಗೂ ಈ ಹಗೇದಾಗಿನ ಜ್ವಾಳ ಹಸಿ ಆಗತಿದ್ದಿಲ್ಲ. ಹೊರಗಿನ ನೀರ ಒಳಗ ಬರೂದಿಲ್ಲಂದ್ರ, ಒಳಗಿಂದ ಹೊರಗ ಹ್ಯಾಂಗ ಹೋದೀತ?”

“ನಮ್ಮ ಖಾನಾಪುರದಾಗ...”

“ನಿಮ್ಮ ಖಾನಾಪುರದಾಗ ಎಲ್ಲಾ ಸೈಕಲ್ಲಿಗೂ ಜಂಗ ಹಿಡದೈತಿ. ಸುಮ್ಮನಿರ.”

ಅಜ್ಜ ವರ್ಷವರ್ಷವೂ ಒಳಗೆಲ್ಲ ಒಣಹುಲ್ಲು ಹೊದಿಸಿ ಕಾಳನ್ನು ಕಾಯುತ್ತಿದ್ದ. ಆ ಹುಲ್ಲು ಎಂದೋ ಮಣ್ಣಾಗಿತ್ತು. ಕಾಕಾನ ತರ್ಕ ಬಹಳ ಗಟ್ಟಿಯಾಗಿತ್ತು, ನೆಲ ಅಷ್ಟು ಗಟ್ಟಿಯಿರಲಿಲ್ಲ. ಎಷ್ಟು ಸುರಿದರೂ ಹಗೇವು ತುಂಬುತ್ತಿರಲಿಲ್ಲ. ಇದನ್ನು ಅವನು ಅಜ್ಜನ ಪುಣ್ಯವೆಂದು ತಿಳಿದ. ಗಟಾರ ತಿಳಿಯಾಯಿತು, ಗಟಾರವೊಂದು ಆಗಬಹುದಾದಷ್ಟು. ಹಿರಿಯರು ದಾರಿಯಲ್ಲಿ ಸಿಕ್ಕಾಗಲೆಲ್ಲ ಶಹಬ್ಬಾಸ್ ಎನ್ನುತ್ತಿದ್ದರು.

ಮರುವರ್ಷದ ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿತು. ಹಳದಿಯಾಗಿತ್ತು. ಕಾಕು ಒಂದು ತಂಬಿಗೆ ಸೇದಿ, ಪೂಜೆಗೆ ಕೂತಿದ್ದ ಗಂಡನ ಮುಂದೆ ಇಟ್ಟಳು.

“ಹೊಸಾ ಮಳಿ. ಮಣ್ಣಿನ ಬಣ್ಣ ಇರಬೇಕ,” ಎಂದ.

“ಹೌದಲ್ರಿ? ಹಂಗಾದ್ರ ಒಂದ ಗುಟುಕ ಕುಡದ ತೋರಸ್ರಿ.”

ಕಾಕಾ ತಂಬಿಗೆಯನ್ನು ನೋಡಿದ, ಅಂಗೈಯ ಲಿಂಗವನ್ನು ನೋಡಿದ. ಆ ದಿನ ಒಣ ವಿಭೂತಿಯಲ್ಲೇ ಪೂಜೆ ಮುಗಿಯಿತು. ಏಳುವಾಗ ಮೆಲ್ಲಗೆ, “ಯಾರ ಮುಂದೂ ಹೇಳಬ್ಯಾಡ. ನಾಲ್ಕ ದಿನದಾಗ ತಿಳಿ ಆಗತೈತಿ,” ಎಂದ.

ಹೊರಗೆ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಕಾಕು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು. “ಹೊಳ್ಳಿ ಹೋಗ್ರಿ ಎವ್ವಾ. ನಮ್ಮ ಯಜಮಾನ್ರು ಬಾವಿಗೂ ಕ್ರೋಮ್ ಹಾಕ್ಯಾರ,” ಎಂದಳು, ಗಲ್ಲಿಯ ಆ ತುದಿಗೂ ಕೇಳುವಂತೆ. ಮೂಗಿನ ಮೇಲೆ ಕೋಪವಿದ್ದ ನಮ್ಮ ಕಾಕಾ ಒಳಗೆ ಕೆಮ್ಮಿದ, ಅಷ್ಟೇ.

ಅದೇ ಹಿರಿಯರ ಸಭೆ ಮತ್ತೆ ಕೂಡಿತು. ಈ ಸಲ ಯಾರೂ ಬಯ್ಯಲಿಲ್ಲ, ಬಯ್ಯಲು ಕಾರಣವೆಲ್ಲಿ? ಕಾಕಾ ಕೊಟ್ಟ ಮಾತಿನಂತೆ ಗಟಾರಕ್ಕೆ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಅಂಥ ನಂಬಿಗಸ್ತನನ್ನೇ ಗಲ್ಲಿಗೆ ನಳ ತರುವ ಕಮಿಟಿಯ ಅಧ್ಯಕ್ಷನನ್ನಾಗಿ ಮಾಡಿದರು. ಅವನು ಹಗೇವಿಗೆ ಮಣ್ಣು ತುಂಬಿಸಿ, ಅಂಗಡಿಯನ್ನು ಇನ್ನೊಂದು ಗಲ್ಲಿಗೆ ಒಯ್ದ. ಅಲ್ಲಿ ಗಟಾರ ಅಗಲವಾಗಿತ್ತು, ಎಮ್ಮೆಗಳಿರಲಿಲ್ಲ.

ಬಚ್ಚಲಿನವನು ಹೋದ ಮೇಲೆ, ಯಾಕೋ ಮನಸ್ಸು ತಡೆಯದೆ ಅನಗೋಳಕ್ಕೆ ಹೋಗಿಬಂದೆ. ಕಾಕಾ, ಕಾಕು ಇಬ್ಬರೂ ಈಗಿಲ್ಲ. ಕೊನೆಯ ತನಕ ಕಾಕು ಗಲ್ಲಿಯ ನಳದ ಪಾಳಿಯಲ್ಲಿ ಕೊಡ ಹಿಡಿದು ನಿಂತಳು, ಅಪ್ಪಣೆ ಕೇಳಲು ಯಾರೂ ಬರಲಿಲ್ಲ. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಅದರ ನೀರನ್ನು ಇಂದಿಗೂ ಯಾರೂ ಕುಡಿಯುವುದಿಲ್ಲ.