ಅಡ್ಡಗೆರೆ ಇದ್ದಲ್ಲಿ ಸೊನ್ನೆ

ನನಗೆ ಪದವಿಯಲ್ಲಿ ಗಣಿತ ಕಲಿಸಿದ ಮೇಡಂ ಸಿಂದಗಿಯ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದರು. ಎಂ.ಫಿಲ್. ಮುಗಿದರೆ ಕಾಯಂ ಮಾಡುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಹಾಗಾಗಿ ಪ್ರತಿ ರಜೆಯಲ್ಲೂ ಮುದ್ದೇಬಿಹಾಳದ ಬಸ್ಸು ಹಿಡಿದು, ನಾಲತವಾಡ, ತಂಗಡಗಿ ಸುತ್ತಿನ ಊರುಗಳಲ್ಲಿ ಮನೆಮನೆ ತಿರುಗಿ ಎರಡೇ ಪ್ರಶ್ನೆ ಕೇಳಿ ಬರೆದುಕೊಂಡು ಬರುತ್ತಿದ್ದರು. ಹುಡುಗಿ ಶಾಲೆಗೆ ಎಷ್ಟು ದೂರ ನಡೆಯುತ್ತಾಳೆ? ವರ್ಷದಲ್ಲಿ ಎಷ್ಟು ದಿನ ಶಾಲೆ ತಪ್ಪಿಸುತ್ತಾಳೆ? ದೂರ ಹೆಚ್ಚಾದಂತೆ ಗೈರುಹಾಜರಿಯೂ ಹೆಚ್ಚುತ್ತದೆ ಎಂಬುದನ್ನು ಎರಡು ತಿಂಗಳು ಕ್ಯಾಲ್ಕ್ಯುಲೇಟರ್ ಒತ್ತಿ ಕಂಡುಕೊಂಡಿದ್ದರು. ಅವರ ಪ್ರಬಂಧ ನಿಂತದ್ದೇ ಆ ಒಂದು ಮಾತಿನ ಮೇಲೆ.

ಪದವಿ ಮುಗಿಸಿ ಇಂಡಿ ಊರಿನ ಮನೆಯಲ್ಲಿದ್ದ ನನ್ನ ಕಣ್ಣು ಆ ಮಾತಿನ ಮೇಲೇ ಬಿತ್ತು. ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು, ಯಾರು ಏನೇ ಹೇಳಿದರೂ 'ಪುರಾವೆ ಏನು' ಎಂದು ಕೇಳುವ ಚಟ ಹತ್ತಿತ್ತು. ಕೈಲೆಕ್ಕವನ್ನು ಯಾರು ನಂಬುತ್ತಾರೆ ಎಂದು ಅವರೆದುರೇ ವಾದಿಸಿದೆ. ಸೈಬರ್ ಕೆಫೆಯಲ್ಲಿ ಅರ್ಧ ದಿನ ಕೂತು ಇಳಿಸಿಕೊಂಡು ಸಿಡಿಗೆ ಹಾಕಿಸಿದ್ದ 'ಆರ್' ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ನನ್ನ ಚೀಲದಲ್ಲಿತ್ತು.

"ಪುಕ್ಕಟೆ ಸಿಗೂದು ನಂಬಿಕಿಗೆ ಬರ್ತೈತೇನಪಾ?" ಎಂದರು ಮೇಡಂ.

"ಕ್ಯಾಲ್ಕ್ಯುಲೇಟರ್‌ಗೆ ರೊಕ್ಕ ಕೊಟ್ಟೀರಿ ಅಂತ ಅದರ ಮಾತು ಖರೆ ಆಗ್ತೈತೇನ್ರಿ?"

"ನಿನ್ನ ಬಾಯಿಗಿ ಯಾರ್ ಬರ್ತಾರೋ ಮಾರಾಯಾ! ಆತು, ಮಾಡಿ ತೋರ್ಸು."

ಕಾಲೇಜಿನ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಸಿಡಿ ಹಾಕಿ, ಪರದೆ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತ ಗುಂಡಿ ಒತ್ತಿದೆ, ಐದೇ ನಿಮಿಷದಲ್ಲಿ ಅನುಸ್ಥಾಪನೆ ಮುಗಿಯಿತು. ಮೇಡಂ ತರಗತಿಗೆ ಹೋದರು. ನಾನು ಅವರ ನೋಟುಬುಕ್ಕಿನ ಲೆಕ್ಕವನ್ನೆಲ್ಲ ಟೈಪು ಮಾಡಿದೆ. ದೂರದ ಕಾಲಮ್ಮಿನಲ್ಲಿ ಕೆಲವೆಡೆ ಅವರು ಬರೀ ಅಡ್ಡಗೆರೆ ಎಳೆದಿದ್ದರು. ಹಾಗೇ ಟೈಪಿಸಿದರೆ, ಇವು ಅಂಕಿಗಳಲ್ಲ ಎಂದು ತಂತ್ರಾಂಶ ಹಟ ಹಿಡಿಯಿತು. ಗೆರೆ ಯಾಕಿದೆ ಎಂದು ನಾನು ಕೇಳಲಿಲ್ಲ. ಪುರಾವೆ ಕೇಳುವ ಚಟದವನು ಅವತ್ತು ಅದನ್ನೊಂದು ಕೇಳಬೇಕಿತ್ತು. ಗೆರೆ ಇದ್ದಲ್ಲೆಲ್ಲ ಸೊನ್ನೆ ಹಾಕಿದೆ. ತಂತ್ರಾಂಶ ಒಪ್ಪಿತು. ದೂರಕ್ಕೂ ಗೈರಿಗೂ ಹೇಳಿಕೊಳ್ಳುವಂಥ ಸಂಬಂಧವೇ ಇಲ್ಲ ಎಂದು ಉತ್ತರ ಬಂತು.

ತರಗತಿ ಮುಗಿಸಿ ಬಂದ ಮೇಡಂ ಪರದೆಯನ್ನೇ ನೋಡುತ್ತ ನಿಂತರು. "ಹಂಗಾದ್ರ ಎರಡ್ ತಿಂಗಳು ನಾ ಮಾಡಿದ್ದೇನು?"

"ತಪ್ಪು ಮಾಡಿದ್ರಿ," ಎಂದೆ. ಹೌದು, ಹೀಗೇ ಅಂದೆ.

"ಒಂದ ಮಷೀನಿನ ಮಾತು ಕೇಳಿ ಬರದಿದ್ದು ಹೊಡದ್ ಹಾಕಾಕ ಆಗೂದಿಲ್ಲ. ಬ್ಯಾರೆ ಥರದ್ದರಾಗ ನೋಡಿ ಬಾ."

ಬೇರೆ ಥರದ್ದು, ಅಂದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರ್, ನನಗೆ ಗೊತ್ತಿದ್ದಂತೆ ಮುದ್ದೇಬಿಹಾಳದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿತ್ತು. ಅದಕ್ಕೆ ಹೊಂದುವ ಆರ್ ಕಡತವನ್ನೂ ಇಳಿಸಿಕೊಂಡು, ಸಿಂದಗಿಯಲ್ಲಿ ಟೈಪಿಸಿದ ಲೆಕ್ಕದ ಫ್ಲಾಪಿಯನ್ನೇ ಜೇಬಿನಲ್ಲಿಟ್ಟುಕೊಂಡು, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಅಲ್ಲಿ ಐದು ನಿಮಿಷದ ಮಾತೇ ಇಲ್ಲ. ಅನುಸ್ಥಾಪಿಸು ಎಂದಾಗಲೆಲ್ಲ ಇಂಗ್ಲಿಷಿನಲ್ಲಿ ಅದೇ ನಾಲ್ಕು ಸಾಲು ಬರೆದು ನಿಂತುಬಿಡುತ್ತಿತ್ತು. ಈ ಮಷೀನೇ ಕೆಟ್ಟಿದೆ ಎಂದು ತೀರ್ಪು ಕೊಟ್ಟೆ.

ಕೇಂದ್ರ ನಡೆಸುತ್ತಿದ್ದ ನಡುವಯಸ್ಸಿನವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅದೇನ್ ಕೇಳಾಕತ್ತೈತಿ ಓದೀರೇನ್ರಿ? ಅದಕ್ಕ ಇನ್ನೊಂದು ಫೈಲ್ ಬೇಕಂತ. ಬಾಯಿ ಮಾಡೂದ್ ಬಿಟ್ಟು ಕಣ್ ತಗೀರಿ!" ಎಂದು ಡ್ರಾಯರಿನಿಂದ ಲಿನಕ್ಸಿನ ಎರಡನೇ ಸಿಡಿ ತೆಗೆದು ಕೊಟ್ಟರು. ಆಮೇಲೆ ಎಲ್ಲವೂ ಸರಾಗ. ಫ್ಲಾಪಿ ಹಾಕಿದೆ. ದಶಮಾಂಶದ ಕೊನೆಯ ಅಂಕಿಯವರೆಗೂ ಸಿಂದಗಿಯ ಉತ್ತರವೇ ಬಂತು.

ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. "ಮೇಡಂ, ಎರಡು ಸಾಕ್ಷಿ ಆದೂವ್ರಿ. ಇನ್ನೇನ್ ಹೇಳ್ತೀರಿ?"

"ಆತಪಾ. ಕಡೀ ಅಧ್ಯಾಯ ಬದಲ್ ಮಾಡ್ತೇನಿ."

ಒಬ್ಬನೇ ಹೇಳಿಕೊಟ್ಟ ಇಬ್ಬರು ಸಾಕ್ಷಿಗಳನ್ನು ಎದುರಾಳಿ ವೇದಿಕೆಗೆ ತಂದಿದ್ದರೆ ನಾನು ಅವನನ್ನು ಹರಿದು ಹಾಕುತ್ತಿದ್ದೆ. ಎರಡೂ ಕಂಪ್ಯೂಟರುಗಳಿಗೆ ಓದಿಸಿದ್ದು ನಾನೇ ಟೈಪಿಸಿದ ಒಂದೇ ಫ್ಲಾಪಿ. ಗೆದ್ದ ಸಂಭ್ರಮದಲ್ಲಿ ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ಹೊಳೆದದ್ದು ಮೂರು ವಾರದ ಮೇಲೆ, ಬಸವನ ಬಾಗೇವಾಡಿಯಲ್ಲಿ. ಪರಿಚಯದವರೊಬ್ಬರು ಹೊಸ ಕಂಪ್ಯೂಟರ್ ತಂದಿದ್ದರು, ಹೊಸ ವಿಂಡೋಸಿನದು. ಅದರಲ್ಲೂ ಆರ್ ಹಾಕಿ, ಜಂಬ ತೋರಿಸಲು ಮೇಡಂ ಲೆಕ್ಕದ ಚಿತ್ರ ಬರೆಸಿದೆ. ಒಬ್ಬ ಹುಡುಗಿಗೆ ಒಂದು ಚುಕ್ಕಿ. ಬಹಳಷ್ಟು ಚುಕ್ಕಿಗಳು ಎಡದಿಂದ ಬಲಕ್ಕೆ ಚೆಂದಾಗಿ ಮೇಲೇರಿದ್ದವು. ಆದರೆ ಎಡ ಅಂಚಿಗೆ ಅಂಟಿಕೊಂಡು ಕೆಲವು ಚುಕ್ಕಿಗಳು ಕಂಬದಂತೆ ನಿಂತಿದ್ದವು. ಶಾಲೆಗೆ ಸೊನ್ನೆ ದೂರ, ಗೈರು ಎಲ್ಲರಿಗಿಂತ ಹೆಚ್ಚು.

ಟೈಪಿಸಲೆಂದು ತೆಗೆದುಕೊಂಡ ನೋಟುಬುಕ್ಕು ಇನ್ನೂ ನನ್ನ ಚೀಲದಲ್ಲೇ ಇತ್ತು. ಅಡ್ಡಗೆರೆಗಳ ಪಕ್ಕದಲ್ಲಿ, ಟೈಪಿಸುವಾಗ ನಾನು ಓದದೇ ಬಿಟ್ಟಿದ್ದ ಪೆನ್ಸಿಲಿನ ಸಣ್ಣ ಅಕ್ಷರ: 'ತೋಟದ ವಸ್ತಿ. ದೂರ ಎಷ್ಟೋ ಹೇಳಲು ಬರಲಿಲ್ಲ.' ಹೊಲದ ನಡುವೆ ಮನೆ ಮಾಡಿಕೊಂಡವರ ಮಕ್ಕಳು ಅವರು, ಎಲ್ಲರಿಗಿಂತ ದೂರದವರು. ಅವರನ್ನು ನಾನು ಶಾಲೆಯ ಬಾಗಿಲಿಗೇ ತಂದು ನಿಲ್ಲಿಸಿದ್ದೆ. ಆ ಸಾಲುಗಳನ್ನು ತೆಗೆದು ಲೆಕ್ಕ ಹಾಕಿದರೆ ಮೇಡಂ ಕೈಯಲ್ಲಿ ತೆಗೆದ ಉತ್ತರವೇ ಬಂತು.

ಪ್ರಬಂಧ ಸಲ್ಲಿಸಲು ನಾಲ್ಕು ದಿನ ಉಳಿದಿತ್ತು. ಮರುದಿನವೇ ಸಿಂದಗಿಗೆ ಹೋದೆ. ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡೇ ಬಸ್ಸು ಹತ್ತಿದ್ದೆ. ಬಾಯಿ ತೆರೆದಾಗ ಬಂದದ್ದು ಮಾತ್ರ ಬೇರೆ.

"ಮೇಡಂ, ಗೆರಿ ಇದ್ದಲ್ಲಿ ಸೊನ್ನಿ ಬಿದ್ದು ಉತ್ತರ ಕೆಟ್ಟೈತ್ರಿ, ನಿಮ್ಮ ಕೈಲೆಕ್ಕನ ಖರೆ. ನೀವು ಗೆರಿ ಯಾಕ ಎಳದ್ರಿ? ಗೊತ್ತಿಲ್ಲದಿದ್ರ ಜಾಗಾ ಖಾಲಿ ಬಿಡಬೇಕಿತ್ತು. ಗೆರಿ ಅಂದ್ರ ಏನಂತ ತಿಳೀಬೇಕ್ರಿ ಮಷೀನು?"

ಅವರು ನೋಟುಬುಕ್ಕು ತೆಗೆದುಕೊಂಡು ಪುಟ ತಿರುವಿದರು. ಸೊನ್ನೆ ಹಾಕಿದ್ದು ಯಾರು ಎಂದು ಅವರು ಕೇಳಿದ್ದರೆ ನಾನು ಹೇಳುತ್ತಿದ್ದೆ. ಹೇಳುತ್ತಿದ್ದೆನೇ? ಗೊತ್ತಿಲ್ಲ. ಅವರು ಕೇಳಲಿಲ್ಲ.

"ಖರೆ ಐತಿ ತಮ್ಮಾ. ನನಗ ಅದು ತಿಳೀಲೇ ಇಲ್ಲ ನೋಡು. ಸುಮ್ನ ನಿನಗ ಇಷ್ಟ್ ತಿರಗಾಡ್ಸಿದೆ. ಚಾ ಕುಡಿ." ನನ್ನ ತಪ್ಪಿಗೆ ಅವರು ನನ್ನ ಕ್ಷಮೆ ಕೇಳುತ್ತಿದ್ದರು. ನಾನು ಚಹಾ ಕುಡಿದೆ.

ಬೈಂಡಿಂಗ್ ಬಿಚ್ಚಿಸಿ, ಹಳೆಯ ಅಧ್ಯಾಯವನ್ನೇ ಮತ್ತೆ ಸೇರಿಸಿ, ಕೊನೆಯ ದಿನ ಸಲ್ಲಿಸಿದರು. ಪದವಿ ಬಂತು, ಕೆಲಸ ಕಾಯಂ ಆಯಿತು. ಕಾಲೇಜಿನವರು ಒಂದು ಸಣ್ಣ ಸತ್ಕಾರ ಇಟ್ಟುಕೊಂಡಾಗ ನನ್ನನ್ನೂ ಕರೆಸಿದರು. ಮೇಡಂ ಪ್ರಬಂಧದ ಕೃತಜ್ಞತೆಯ ಪುಟ ತೆರೆದು ಕೈಗಿಟ್ಟು, "ನಿನ್ನ ಧ್ವನಿ ಚಲೋ ಐತಿ, ನೀನ ಓದು," ಎಂದರು.

ತಮ್ಮ ಬರವಣಿಗೆಯ ದೋಷವನ್ನು ಹುಡುಕಿಕೊಟ್ಟು ಪ್ರಬಂಧವನ್ನು ಉಳಿಸಿದ ಶಿಷ್ಯ ಎಂದು ಬರೆದು, ಮುಂದೆ ನನ್ನ ಹೆಸರು ಹಾಕಿದ್ದರು. ಅಲ್ಲಿಯೇ ಪುಟ ಮುಚ್ಚಿ ಇದು ಹೀಗಲ್ಲ ಎನ್ನಬಹುದಿತ್ತು. ಓದಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ ಓದಿದೆ. ಒಂದು ಕಡೆಯೂ ತೊದಲಲಿಲ್ಲ.